ಶಿಕ್ಷೆಯ ಅಳತೆ, ಅಪರಾಧದ ಅಳತೆ

1974ರಲ್ಲಿ, ಅಧ್ಯಕ್ಷ ನಿಕ್ಸನ್ನರ ವಾಟರ್‌ಗೇಟ್ ಹಗರಣವು ಅಮೆರಿಕವನ್ನು ಅಲ್ಲಾಡಿಸುತ್ತಿದ್ದ ವರ್ಷದಲ್ಲಿ, ಯೇಲ್ ವಿಶ್ವವಿದ್ಯಾಲಯದ ನ್ಯಾಯಶಾಸ್ತ್ರದ ಪ್ರಾಧ್ಯಾಪಕ ಚಾರ್ಲ್ಸ್ ಬ್ಲ್ಯಾಕ್ ಅವರು ಎರಡು ಪುಟ್ಟ ಪುಸ್ತಕಗಳನ್ನು ಹೊರತಂದರು. ಒಂದು, ಅಧ್ಯಕ್ಷನನ್ನು ಅಧಿಕಾರದಿಂದ ಇಳಿಸುವ ಕ್ರಮವನ್ನು ಕುರಿತ ಕೈಪಿಡಿ. ಇನ್ನೊಂದು ಮರಣದಂಡನೆಯನ್ನು ಕುರಿತದ್ದು. ಅಲ್ಲಿ ಮನಸ್ಸಿಗೆ ಬಂದಂತೆ ನಡೆಯುವುದೂ ತಪ್ಪು ಮಾಡುವುದೂ ಅನಿವಾರ್ಯವೆಂದು ಅದರ ಹೆಸರೇ ಸಾರುತ್ತದೆ. ಎರಡನ್ನೂ ಒಂದೊಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಎರಡೂ ವಕೀಲರಿಗಾಗಿ ಬರೆದವಲ್ಲ. ಪತ್ರಿಕೆ ಓದುವ ಸಾಮಾನ್ಯ ನಾಗರಿಕನಿಗಾಗಿ ಬರೆದವು. ಬ್ಲ್ಯಾಕ್ ಅವರು ಕವನ ಸಂಕಲನಗಳನ್ನೂ ಪ್ರಕಟಿಸಿದ್ದವರು, ಮಾತಿನ ತೂಕ ಬಲ್ಲವರು.

ಈ ಎರಡು ಪುಸ್ತಕಗಳನ್ನು ಒಟ್ಟಿಗೆ ಇಟ್ಟು ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಮೊದಲನೆಯದರಲ್ಲಿ, ಯಾವ ತಪ್ಪಿಗೆ ಅಧ್ಯಕ್ಷನನ್ನು ತೆಗೆಯಬೇಕೆಂಬುದಕ್ಕೆ ಪಟ್ಟಿ ಮಾಡಿಡುವುದು ಸಾಧ್ಯವಿಲ್ಲ, ಕೊನೆಗೆ ಮನುಷ್ಯರ ವಿವೇಚನೆಯನ್ನೇ ನಂಬಬೇಕು ಎನ್ನುತ್ತಾರೆ. ಎರಡನೆಯದರಲ್ಲಿ, ಅದೇ ವಿವೇಚನೆಯನ್ನು ನಂಬಿ ಒಬ್ಬನ ಕೊರಳಿಗೆ ಹಗ್ಗ ಹಾಕಲಾಗದು ಎನ್ನುತ್ತಾರೆ. ಒಬ್ಬನೇ ಲೇಖಕ ಒಂದೇ ವರ್ಷದಲ್ಲಿ ಹೀಗೆ ಎರಡು ಮಾತು ಆಡಬಹುದೆ? ಆಡಬಹುದು, ಆಡಲೇಬೇಕು ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ನ್ಯಾಯಪಂಡಿತರು ಆಮೇಲಿನ ಐವತ್ತು ವರ್ಷ ಬರೆದ ರಾಶಿ ರಾಶಿ ಗ್ರಂಥಗಳಿಗೆ ಈ ಎರಡು ಮಾತುಗಳ ನಡುವಣ ಸಂಬಂಧವೇ ಒಳ್ಳೆಯ ಕೀಲಿಕೈ.

ಮುಂದೆ ಹೋಗುವ ಮೊದಲು ಒಂದು ಶಬ್ದದ ವಿಚಾರ. ನಮ್ಮ ಪತ್ರಿಕೆಗಳು ಈ ಕ್ರಮಕ್ಕೆ ‘ವಾಗ್ದಂಡನೆ’ ಎನ್ನುವುದುಂಟು. ಮಾತಿನಿಂದ ಬೈದು ಬಿಡುವುದು ಎಂಬ ಅರ್ಥ ಬರುವ ಈ ಪದ ಹೇಗೆ ಬಳಕೆಗೆ ಬಂತೋ! ಇಲ್ಲಿ ಬೈಗುಳವೂ ಇಲ್ಲ, ಕಟ್ಟುನಿಟ್ಟಾಗಿ ನೋಡಿದರೆ ದಂಡನೆಯೂ ಇಲ್ಲ. ‘ಮಹಾಭಿಯೋಗ’ ಎಂಬ ಇನ್ನೊಂದು ಪದ ಮೇಲು. ಅದನ್ನೇ ಇಲ್ಲಿ ಬಳಸುತ್ತೇನೆ. ಅಮೆರಿಕದ ರಾಜ್ಯಾಂಗದ ಪ್ರಕಾರ ಪ್ರತಿನಿಧಿ ಸಭೆಯು ಬಹುಮತದಿಂದ ಆರೋಪ ಹೊರಿಸುತ್ತದೆ. ಸೆನೆಟ್ ಪ್ರಮಾಣವಚನ ಸ್ವೀಕರಿಸಿ ನ್ಯಾಯಸ್ಥಾನದಂತೆ ವಿಚಾರಿಸುತ್ತದೆ. ಹಾಜರಿರುವವರಲ್ಲಿ ಮೂರರಲ್ಲಿ ಎರಡು ಪಾಲು ಮತ ಬಿದ್ದರೆ ಮಾತ್ರ ಆರೋಪ ರುಜುವಾತಾದಂತೆ. ಆಗ ಆಗುವುದೇನು? ಅಧಿಕಾರದಿಂದ ತೆಗೆಯುವುದು, ಬೇಕೆನಿಸಿದರೆ ಮುಂದೆ ಅಧಿಕಾರ ಹಿಡಿಯದಂತೆ ಮಾಡುವುದು. ಇದಕ್ಕಿಂತ ಒಂದು ಗೆರೆ ಮುಂದೆ ಹೋಗುವಂತಿಲ್ಲ. ಸೆರೆಮನೆ ಬೇಕಿದ್ದರೆ ಸಾಮಾನ್ಯ ಕೋರ್ಟಿನಲ್ಲಿ ಬೇರೆ ಮೊಕದ್ದಮೆ ನಡೆಯಬೇಕು.

ಇಲ್ಲಿ ಗಮನಿಸಬೇಕಾದದ್ದು ಇಷ್ಟು. ಮಹಾಭಿಯೋಗದಲ್ಲಿ ಶಿಕ್ಷೆ ಗೊತ್ತಾದದ್ದು, ಅಪರಾಧ ಗೊತ್ತಿಲ್ಲದ್ದು. ರಾಜದ್ರೋಹ, ಲಂಚ ಎಂದು ಎರಡನ್ನು ಹೆಸರಿಸಿ, ‘ಇತರ ಘನ ಅಪರಾಧಗಳು ಮತ್ತು ದುರ್ವರ್ತನೆಗಳು’ ಎಂದು ರಾಜ್ಯಾಂಗ ಸುಮ್ಮನಾಗುತ್ತದೆ. ಸಾಮಾನ್ಯ ಕ್ರಿಮಿನಲ್ ನ್ಯಾಯದಲ್ಲಿ ಇದು ತಲೆಕೆಳಗು. ಅಲ್ಲಿ ಅಪರಾಧವನ್ನು ಅಕ್ಷರ ಅಕ್ಷರವಾಗಿ ಬರೆದಿರುತ್ತದೆ. ಶಿಕ್ಷೆ ಮಾತ್ರ ಬಯಲು. ಒಂದೇ ಅಪರಾಧಕ್ಕೆ ಒಂದು ದಿನದಿಂದ ಇಪ್ಪತ್ತು ವರ್ಷದ ತನಕ ಎಷ್ಟು ಬೇಕಾದರೂ ಜಡ್ಜಿ ಕೊಡಬಹುದಾಗಿದ್ದ ಕಾಲವೊಂದಿತ್ತು. ಪಂಡಿತರು ಎರಡು ಕಡೆಯೂ ಬಯಲಿಗೆ ಬೇಲಿ ಹಾಕಲು ಹೊರಟರು. ಆ ಪ್ರಯತ್ನದ ಕಥೆ ಸ್ವಾರಸ್ಯವಾದದ್ದು, ಅಲ್ಲಲ್ಲಿ ದಾರುಣವಾದದ್ದು.

ಶಿಕ್ಷೆಯ ಕಡೆಯಿಂದ ನೋಡೋಣ. 1973ರಲ್ಲಿ ನ್ಯೂಯಾರ್ಕಿನ ಫೆಡರಲ್ ಜಡ್ಜಿ ಮಾರ್ವಿನ್ ಫ್ರಾಂಕೆಲ್ ಅವರ ಗ್ರಂಥವೊಂದು ಪ್ರಕಟವಾಯಿತು. ಕ್ರಿಮಿನಲ್ ಶಿಕ್ಷೆಯೆಂಬುದು ಹೆಸರಿಗೆ ಕಾನೂನು, ಒಳಗೆ ಕ್ರಮವಿಲ್ಲದ್ದು ಎಂಬುದು ಅದರ ವಾದ. ಅದರಲ್ಲಿ ಬರುವ ಒಂದು ಪ್ರಸಂಗವನ್ನು ಓದಿದವರು ಮರೆಯಲಾರರು. ಪಾನಗೋಷ್ಠಿಯೊಂದರಲ್ಲಿ ಜಡ್ಜಿಯೊಬ್ಬರು ತಮ್ಮ ಅನುಭವ ಹೇಳುತ್ತಾರೆ. ಅಪರಾಧಿಗೆ ನಾಲ್ಕು ವರ್ಷ ಕೊಡಬೇಕೆಂದು ಮನಸ್ಸಿನಲ್ಲಿ ನಿಶ್ಚಯಿಸಿದ್ದರಂತೆ. ಏನಾದರೂ ಹೇಳುವುದಿದೆಯೆ ಎಂದು ಪದ್ಧತಿಯಂತೆ ಕೇಳಿದಾಗ, ಆತ ಜೇಬಿನಿಂದ ಕಾಗದದ ಕಟ್ಟು ತೆಗೆದು, ಕೋರ್ಟನ್ನೂ ಜಡ್ಜಿಯನ್ನೂ ಚೆನ್ನಾಗಿ ಜಾಡಿಸಿದ. ಜಡ್ಜಿ ಸಮಾಧಾನದಿಂದ ಪೂರ್ತಿ ಕೇಳಿದರು. ಕೇಳಿ, ನಾಲ್ಕಕ್ಕೆ ಬದಲು ಐದು ವರ್ಷ ಕೊಟ್ಟರು. ಫ್ರಾಂಕೆಲ್ ಕೇಳುವ ಪ್ರಶ್ನೆ ನೇರವಾಗಿದೆ: ಜಡ್ಜಿಯ ಎದುರು ಒರಟಾಗಿ ಮಾತನಾಡಿದವನಿಗೆ ಒಂದು ವರ್ಷ ಸೆರೆಮನೆ ಎಂದು ಯಾವ ಶಾಸನಸಭೆಯಾದರೂ ಕಾನೂನು ಮಾಡೀತೆ? ಮಾಡದಿದ್ದರೆ, ಆ ಒಂದು ವರ್ಷ ಎಲ್ಲಿಂದ ಬಂತು?

ಇದು ಒಬ್ಬರ ಸಿಟ್ಟಿನ ಕಥೆಯಷ್ಟೇ ಆಗಿರಲಿಲ್ಲ. 1974ರಲ್ಲಿ ನ್ಯೂಯಾರ್ಕ್ ಮೊದಲಾದ ಮೂರು ರಾಜ್ಯಗಳನ್ನೊಳಗೊಂಡ ಎರಡನೆಯ ಸರ್ಕಿಟ್ಟಿನ ಐವತ್ತು ಮಂದಿ ಜಡ್ಜಿಗಳಿಗೆ ಒಂದೇ ಬಗೆಯ ದಾಖಲೆಗಳನ್ನು ಕೊಟ್ಟು, ಎಷ್ಟೆಷ್ಟು ಶಿಕ್ಷೆ ವಿಧಿಸುತ್ತೀರೆಂದು ಕೇಳಲಾಯಿತು. ಬೆದರಿಸಿ ಹಣ ಕಿತ್ತ ಒಬ್ಬನಿಗೆ ಒಬ್ಬ ಜಡ್ಜಿ ಕೊಟ್ಟದ್ದು ಮೂರು ವರ್ಷ, ದಂಡವಿಲ್ಲ. ಅದೇ ದಾಖಲೆಯ ಮೇಲೆ ಇನ್ನೊಬ್ಬ ಜಡ್ಜಿ ಕೊಟ್ಟದ್ದು ಇಪ್ಪತ್ತು ವರ್ಷ, ಮೇಲೆ 65,000 ಡಾಲರ್ ದಂಡ. ಅಪರಾಧಿಯ ಹಣೆಬರಹವೆಂದರೆ ಕೋರ್ಟಿನ ಗುಮಾಸ್ತೆ ಅವನ ಕಡತವನ್ನು ಯಾವ ಕೋಣೆಗೆ ಕಳಿಸಿದ ಎಂಬುದೇ ಆಗಿತ್ತು.

ಫ್ರಾಂಕೆಲ್ ಸೂಚಿಸಿದ ಮದ್ದು ಒಂದು ಆಯೋಗ. ಹತ್ತು ವರ್ಷ ಕಳೆದು 1984ರಲ್ಲಿ ಕಾನೂನಾಯಿತು. 1987ರ ನವೆಂಬರ್ 1ರಿಂದ ಮಾರ್ಗಸೂಚಿಗಳು ಜಾರಿಗೆ ಬಂದವು. ಮಾರ್ಗಸೂಚಿ ಎಂಬುದು ಸೌಮ್ಯವಾದ ಹೆಸರು. ಆಗ ಅವು ಜಡ್ಜಿಯನ್ನು ಕಟ್ಟಿಹಾಕುತ್ತಿದ್ದ ನಿಯಮಗಳೇ. ಮುಖ್ಯವಾದದ್ದು ಒಂದು ಕೋಷ್ಟಕ. ಎಡಗಡೆ ಅಪರಾಧದ 43 ಮೆಟ್ಟಿಲು, ಮೇಲ್ಗಡೆ ಹಿಂದಿನ ಅಪರಾಧಗಳ ಲೆಕ್ಕಕ್ಕೆ ಆರು ಅಂಕಣ, ಒಟ್ಟು 258 ಮನೆಗಳು. ಕದ್ದ ಹಣಕ್ಕೆ ಇಷ್ಟು ಮೆಟ್ಟಿಲು ಏರಿಕೆ, ಬಂದೂಕಿದ್ದರೆ ಇಷ್ಟು, ತಪ್ಪೊಪ್ಪಿಕೊಂಡರೆ ಇಷ್ಟು ಇಳಿಕೆ. ಮಗ್ಗಿ ಗೊತ್ತಿದ್ದವನು ಸೆರೆಮನೆಯ ತಿಂಗಳುಗಳನ್ನು ಹೇಳಬಹುದು. ಪೆರೋಲ್ ಪದ್ಧತಿಯೂ ಹೋಯಿತು. ಕೋರ್ಟಿನಲ್ಲಿ ಓದಿದ ಶಿಕ್ಷೆಯೇ ಹೆಚ್ಚುಕಡಿಮೆ ಅನುಭವಿಸುವ ಶಿಕ್ಷೆಯಾಯಿತು. ಇವೆಲ್ಲ ಸದುದ್ದೇಶದಿಂದ ಆದದ್ದು. ಉದಾರಪಂಥದ ಕೆನಡಿಯವರೂ ಸಂಪ್ರದಾಯಪಂಥದ ಥರ್ಮಂಡರೂ ಸೆನೆಟ್ಟಿನಲ್ಲಿ ಇದಕ್ಕೆ ಒಟ್ಟಾಗಿ ಕೈಜೋಡಿಸಿದ್ದರು.

ಆದರೆ ತಕ್ಕಡಿ ಕೈಗೆ ಬಂದ ಮೇಲೆ ಎಲ್ಲವನ್ನೂ ತೂಗಬೇಕೆನಿಸುತ್ತದೆ. ಆಯೋಗದ ಕೋಷ್ಟಕದ ಪಕ್ಕದಲ್ಲೇ ಕಾಂಗ್ರೆಸ್ಸು 1986ರಲ್ಲಿ ಮಾದಕ ವಸ್ತುಗಳಿಗೆ ಕನಿಷ್ಠ ಶಿಕ್ಷೆಗಳನ್ನು ಗ್ರಾಂ ಲೆಕ್ಕದಲ್ಲಿ ನಿಗದಿ ಮಾಡಿತು. ಪುಡಿ ಕೊಕೇನಾದರೆ 500 ಗ್ರಾಂಗೆ ಐದು ವರ್ಷ. ಅದನ್ನೇ ಬೇಯಿಸಿ ಗಟ್ಟಿಮಾಡಿದ ಕ್ರ್ಯಾಕ್ ಆದರೆ 5 ಗ್ರಾಂಗೇ ಐದು ವರ್ಷ. ಕ್ರ್ಯಾಕಿನ ಮೊಕದ್ದಮೆಗಳಲ್ಲಿ ಸಿಕ್ಕಿಬಿದ್ದವರು ಬಹುಪಾಲು ಕರಿಯರು. ನೂರಕ್ಕೆ ಒಂದರ ಈ ಪ್ರಮಾಣ ಹದಿನೆಂಟಕ್ಕೆ ಒಂದಾಗಿ ಇಳಿದದ್ದು 2010ರಲ್ಲಿ. ಇದಕ್ಕಿಂತ ವಿಲಕ್ಷಣವಾದದ್ದು 1991ರ ಚಾಪ್ಮನ್ ಮೊಕದ್ದಮೆ. ಎಲ್‌ಎಸ್‌ಡಿ ಎಂಬ ಮಾದಕವನ್ನು ಹೀರುಕಾಗದದ ಮೇಲೆ ಬಿಟ್ಟು ಮಾರುತ್ತಾರೆ. ಸಾವಿರ ಗುಟುಕಿನ ವಸ್ತು ಸುಮಾರು 50 ಮಿಲಿಗ್ರಾಂ. ಕಾಗದ ಸೇರಿದರೆ 5.7 ಗ್ರಾಂ. ಒಂದು ಗ್ರಾಂ ಮೀರಿದರೆ ಐದು ವರ್ಷವೆಂದು ಕಾನೂನು. ಕಾಗದವನ್ನೂ ಸೇರಿಸಿಯೇ ತೂಗಬೇಕೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಬೆಲ್ಲವನ್ನು ಗಾಡಿಯೊಡನೆ ತೂಗಿದಂತಾಯಿತು. ಸೆರೆಮನೆಯ ವರ್ಷಗಳು ಕಾಗದದ ದಪ್ಪವನ್ನು ಅವಲಂಬಿಸಿದವು!

ಈ ಘಟ್ಟದಲ್ಲಿ ಬಂದ ಒಳ್ಳೆಯ ಗ್ರಂಥ ಕೇಟ್ ಸ್ಟಿತ್ ಮತ್ತು ಹೋಸೆ ಕಬ್ರಾನೆಸ್ ಅವರದು, 1998. ಆಕೆ ಯೇಲ್‌ನ ಪ್ರಾಧ್ಯಾಪಕಿ, ಆತ ಫೆಡರಲ್ ಮೇಲ್ಮನವಿ ಜಡ್ಜಿ, ಇಬ್ಬರೂ ಪತಿಪತ್ನಿಯರು. ತೀರ್ಪು ಕೊಡಬೇಕಾದ ಮನುಷ್ಯನನ್ನು ಲೆಕ್ಕ ಹಾಕುವ ಗುಮಾಸ್ತೆಯಾಗಿ ಮಾಡಿದ್ದಾರೆ ಎಂಬುದು ಅವರ ದೂರು. ಎದುರಿಗೆ ನಿಂತವನ ಮುಖ ನೋಡುವುದರ ಬದಲು ಕೋಷ್ಟಕ ನೋಡುವ ಕೋರ್ಟಿನ ಚಿತ್ರವನ್ನು ಅವರು ಮನಮುಟ್ಟುವಂತೆ ಕೊಡುತ್ತಾರೆ. ಆದರೂ ನನಗೆ ಒಂದು ಕೊರತೆ ಕಾಣುತ್ತದೆ. ಹಳೆಯ ಜಡ್ಜಿಯ ಘನತೆಯನ್ನು ನೆನೆಯುವಾಗ ಅವರ ದನಿ ಸ್ವಲ್ಪ ಹೆಚ್ಚೇ ಆರ್ದ್ರವಾಗುತ್ತದೆ. ಮಾತು ಒರಟಾಯಿತೆಂದು ಒಂದು ವರ್ಷ ಹೆಚ್ಚಿಗೆ ಕೂತ ಫ್ರಾಂಕೆಲರ ಆ ಅಪರಾಧಿ ಈ ಪುಟಗಳನ್ನು ಓದಿದ್ದರೆ ಏನೆನ್ನುತ್ತಿದ್ದನೋ.

ಎದುರು ಪಕ್ಷದಲ್ಲಿ ನಿಂತು ವಾದಿಸಿದವರು ಫ್ರಾಂಕ್ ಬೋಮನ್. ಸರ್ಕಾರದ ಪರ ಮೊಕದ್ದಮೆ ನಡೆಸುವ ಪ್ರಾಸಿಕ್ಯೂಟರ್ ಆಗಿದ್ದು, ಬಳಿಕ ಮಿಸ್ಸೌರಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದವರು. ಷೇಕ್ಸ್‌ಪಿಯರನ ಪೋರ್ಷಿಯಾ ದಯೆಯನ್ನು ಕುರಿತು ಆಡಿದ ಮಾತನ್ನು ತಿರುಗಿಸಿ, ದಯೆಗೂ ಕಡಿವಾಣ ಬೇಕು ಎಂಬ ಶಿರೋನಾಮೆಯಲ್ಲಿ 1996ರಲ್ಲಿ ಅವರು ಮಾರ್ಗಸೂಚಿಗಳನ್ನು ಸಮರ್ಥಿಸಿದರು. ಅದೇ ಲೇಖಕರು 2005ರಲ್ಲಿ ಆ ಮಾರ್ಗಸೂಚಿಗಳ ವೈಫಲ್ಯವನ್ನು ಕುರಿತೇ ದೀರ್ಘ ಪ್ರಬಂಧ ಬರೆದರು. ನಿಯಮಗಳು ಬೆಳೆದು ಕಾಡಾದವು. ಅಧಿಕಾರ ಜಡ್ಜಿಯ ಕೈಯಿಂದ ಪ್ರಾಸಿಕ್ಯೂಟರ್ ಕೈಗೆ, ಆಯೋಗದ ಕೈಯಿಂದ ಕಾಂಗ್ರೆಸ್ಸಿನ ಮತ್ತು ನ್ಯಾಯಾಂಗ ಇಲಾಖೆಯ ಕೈಗೆ ಜಾರಿತು ಎಂದರು. ತಾನೇ ಎತ್ತಿಕಟ್ಟಿದ ಪಕ್ಷವನ್ನು ಪುರಾವೆ ಕಂಡು ಬಿಟ್ಟುಕೊಡುವ ಪಂಡಿತರು ಎಲ್ಲ ದೇಶದಲ್ಲಿಯೂ ವಿರಳ. ಅದೇ 2005ರಲ್ಲಿ ಬೂಕರ್ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಜಡ್ಜಿಗಳು ಕೋಷ್ಟಕವನ್ನು ನೋಡಬೇಕು, ಆದರೆ ಅದಕ್ಕೆ ಬದ್ಧರಲ್ಲ ಎಂದು ತೀರ್ಮಾನಿಸಿತು.

ಈಗ ಬ್ಲ್ಯಾಕ್ ಅವರ ಮರಣದಂಡನೆಯ ಪುಸ್ತಕಕ್ಕೆ ಹಿಂದಿರುಗಬಹುದು. ಅವರು 1974ರಲ್ಲಿಯೇ ಹೇಳಿದ್ದು ಇದನ್ನೇ. ಒಂದು ಬಾಗಿಲಲ್ಲಿ ವಿವೇಚನೆಯನ್ನು ತಡೆದರೆ ಅದು ಇನ್ನೊಂದು ಬಾಗಿಲಿಂದ ಒಳಗೆ ಬರುತ್ತದೆ. ಯಾವ ಆರೋಪ ಹೊರಿಸಬೇಕು, ರಾಜಿ ಮಾಡಿಕೊಳ್ಳಬೇಕೆ, ಜ್ಯೂರಿ ಕಿರಿಯ ಅಪರಾಧಕ್ಕೆ ಇಳಿಸಬೇಕೆ, ಬುದ್ಧಿಭ್ರಮೆಯೆನ್ನಬೇಕೆ, ಗವರ್ನರು ಕ್ಷಮಿಸಬೇಕೆ — ಹೆಜ್ಜೆ ಹೆಜ್ಜೆಗೂ ಯಾರೋ ಒಬ್ಬರು, ಲೆಕ್ಕ ಕೊಡಬೇಕಾಗಿಲ್ಲದೆ, ಹೂಂ ಅಥವಾ ಊಹೂಂ ಎನ್ನುತ್ತಾರೆ. ಕೊನೆಯ ಹೆಜ್ಜೆಯೊಂದಕ್ಕೆ ನಿಯಮ ಬರೆದು ಎಲ್ಲವೂ ನಿಯಮಬದ್ಧವಾಯಿತೆಂದು ಹೇಳುವುದು ಆತ್ಮವಂಚನೆ. 1976ರಲ್ಲಿ ಸುಪ್ರೀಂ ಕೋರ್ಟು ಹೊಸ ನಿಯಮಗಳನ್ನು ಒಪ್ಪಿ ಮರಣದಂಡನೆಗೆ ಮತ್ತೆ ದಾರಿ ಮಾಡಿತು. 1987ರ ಮೆಕ್ಲೆಸ್ಕಿ ಮೊಕದ್ದಮೆಯಲ್ಲಿ ಜಾರ್ಜಿಯಾದ ಅಂಕಿಅಂಶಗಳು ಕೋರ್ಟಿನ ಮುಂದೆ ಬಂದವು: ಇತರ ಕಾರಣಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಬಿಳಿಯನನ್ನು ಕೊಂದವನಿಗೆ ಮರಣದಂಡನೆಯಾಗುವ ಸಂಭವ ಕರಿಯನನ್ನು ಕೊಂದವನಿಗಿಂತ 4.3 ಪಟ್ಟು. ಐದಕ್ಕೆ ನಾಲ್ಕು ಮತಗಳಿಂದ ಅದು ಸಾಲದೆಂದಾಯಿತು. ಆ ತೀರ್ಪು ಬರೆದ ಪೊವೆಲ್ ಅವರು ನಿವೃತ್ತರಾದ ಮೇಲೆ, ಬದಲಿಸಬಹುದಾಗಿದ್ದರೆ ಆ ಮತವನ್ನು ಬದಲಿಸುತ್ತಿದ್ದೆನೆಂದು ತಮ್ಮ ಜೀವನಚರಿತ್ರೆಕಾರರಿಗೆ ಹೇಳಿದರು. 1991ರಲ್ಲಿ ಮೆಕ್ಲೆಸ್ಕಿಯ ಮರಣದಂಡನೆ ಜಾರಿಯಾಯಿತು.

ಇನ್ನು ಮಹಾಭಿಯೋಗದ ಕಡೆ. ಈ ಕಥೆಗೆ ನಮ್ಮ ದೇಶದ್ದೇ ಒಂದು ಎಳೆಯಿದೆ. 1787ರ ಸೆಪ್ಟೆಂಬರ್ 8ರಂದು ಫಿಲಡೆಲ್ಫಿಯಾದಲ್ಲಿ ರಾಜ್ಯಾಂಗದ ಕರಡು ಚರ್ಚೆಗೆ ಬಂದಾಗ, ರಾಜದ್ರೋಹ, ಲಂಚ ಇವೆರಡೇ ಸಾಲವೆಂದು ಜಾರ್ಜ್ ಮೇಸನ್ ಎದ್ದುನಿಂತರು. ಅವರು ಕೊಟ್ಟ ಉದಾಹರಣೆ ವಾರನ್ ಹೇಸ್ಟಿಂಗ್ಸ್. ಬಂಗಾಳದಲ್ಲಿ ಆತ ಮಾಡಿದ್ದೆಂದು ಹೇಳಲಾದ ಅನ್ಯಾಯಗಳು ರಾಜದ್ರೋಹದಲ್ಲಿ ಬರುವುದಿಲ್ಲವಲ್ಲ ಎಂದರು. ‘ದುರಾಡಳಿತ’ ಎಂಬ ಪದ ಸೇರಿಸಿ ಎಂದಾಗ ಮ್ಯಾಡಿಸನ್, ಅಷ್ಟು ಸಡಿಲವಾದ ಪದ ಹಾಕಿದರೆ ಅಧ್ಯಕ್ಷನು ಸೆನೆಟ್ಟಿನ ಮರ್ಜಿಯ ಮೇಲೆ ಬದುಕಬೇಕಾದೀತು ಎಂದರು. ಆಗ ಮೇಸನ್ ಇಂಗ್ಲೆಂಡಿನ ಹಳೆಯ ನುಡಿಗಟ್ಟನ್ನು ತಂದು ಇಟ್ಟರು, ಅದೇ ಉಳಿಯಿತು. ಹೇಸ್ಟಿಂಗ್ಸನ ವಿಚಾರಣೆ 1788ರಲ್ಲಿ ಆರಂಭವಾಗಿ ಏಳು ವರ್ಷ ನಡೆದು ಬಿಡುಗಡೆಯಲ್ಲಿ ಮುಗಿಯಿತು. ಹೇಸ್ಟಿಂಗ್ಸನ ಕಾಲದಲ್ಲೇ, 1775ರಲ್ಲಿ, ಸುಳ್ಳು ದಸ್ತಾವೇಜಿನ ಆರೋಪಕ್ಕಾಗಿ ಮಹಾರಾಜ ನಂದಕುಮಾರನನ್ನು ಇಂಗ್ಲಿಷ್ ಕಾನೂನಿನ ಹೆಸರಿನಲ್ಲಿ ಕಲ್ಕತ್ತೆಯಲ್ಲಿ ನೇಣುಹಾಕಿದರು. ವಿಚಾರಣೆಯ ಮುಖ್ಯ ನ್ಯಾಯಾಧೀಶ ಇಂಪೆಯ ಮೇಲೆ ಮಹಾಭಿಯೋಗ ತರುವ ಪ್ರಯತ್ನ 1788ರಲ್ಲಿ ಕಾಮನ್ಸ್ ಸಭೆಯಲ್ಲಿ ಸೋತಿತು. ಅಳತೆಮೀರಿದ ಶಿಕ್ಷೆ, ಶಿಕ್ಷೆ ಕೊಟ್ಟವನ ವಿಚಾರಣೆ ಎರಡೂ ಒಂದೇ ಕಡತದಲ್ಲಿದ್ದ ಪ್ರಸಂಗ ಅದು.

ಆ ನುಡಿಗಟ್ಟಿನ ಅರ್ಥವೇನು? 1970ರಲ್ಲಿ ಜೆರಾಲ್ಡ್ ಫೋರ್ಡ್, ಆ ಗಳಿಗೆಗೆ ಪ್ರತಿನಿಧಿ ಸಭೆಯ ಬಹುಮತ ಏನೆನ್ನುತ್ತದೋ ಅದೇ ಅರ್ಥ ಎಂದು ಕೈತೊಳೆದುಕೊಂಡಿದ್ದರು. (ನಾಲ್ಕು ವರ್ಷದ ಮೇಲೆ ಮಹಾಭಿಯೋಗದ ಹೆದರಿಕೆಯಿಂದ ನಿಕ್ಸನ್ ರಾಜೀನಾಮೆ ಕೊಟ್ಟಾಗ ಆ ಕುರ್ಚಿಯಲ್ಲಿ ಕೂತವರು ಇವರೇ.) ಪಿಟೀಲು ವಾದಕರಾಗಿದ್ದು ನ್ಯಾಯಶಾಸ್ತ್ರಕ್ಕೆ ಬಂದ ರೌಲ್ ಬರ್ಗರ್, 1973ರ ತಮ್ಮ ಪಾಂಡಿತ್ಯಪೂರ್ಣ ಗ್ರಂಥದಲ್ಲಿ ಇದಕ್ಕೆ ಐತಿಹಾಸಿಕ ಎಲ್ಲೆ ಹುಡುಕಿದರು, ಸೆನೆಟ್ ಎಲ್ಲೆ ಮೀರಿದರೆ ಕೋರ್ಟು ತಿದ್ದಬಹುದೆಂದೂ ವಾದಿಸಿದರು. ಬ್ಲ್ಯಾಕ್ ಅದನ್ನು ಖಡಾಖಂಡಿತವಾಗಿ ನಿರಾಕರಿಸಿದರು. 1993ರಲ್ಲಿ ಸುಪ್ರೀಂ ಕೋರ್ಟು ಅವರ ಕಡೆಗೇ ನಿಂತಿತು. ವಿಚಾರಿಸುವ ಅಧಿಕಾರ ಸೆನೆಟ್ಟಿಗೆ ಮಾತ್ರ ಸೇರಿದ್ದು ಎಂದಿತು. ವಿಚಿತ್ರವೆಂದರೆ ಆ ಮೊಕದ್ದಮೆ ಹೂಡಿದ ಜಡ್ಜಿಯ ಹೆಸರೂ ನಿಕ್ಸನ್. ಸುಳ್ಳುಸಾಕ್ಷಿಗಾಗಿ ಸೆರೆಮನೆಯಲ್ಲಿ ಕೂತೂ ಸಂಬಳ ಎಣಿಸುತ್ತಿದ್ದವರು.

ಬ್ಲ್ಯಾಕ್ ಅವರ ಬರಹದ ಚೆಲುವು ಅವರ ಉದಾಹರಣೆಗಳಲ್ಲಿದೆ. ಅಧ್ಯಕ್ಷನು ನಾಲ್ಕು ಹೆಂಡಿರನ್ನು ಕಟ್ಟಿಕೊಳ್ಳಲೆಂದು ಸೌದಿ ಅರೇಬಿಯಾಕ್ಕೆ ಹೋಗಿ ನೆಲಸಿ, ಅಂಚೆಯ ಮೂಲಕ ರಾಜ್ಯಭಾರ ಮಾಡುತ್ತೇನೆ ಎಂದರೆ? ಅದು ಯಾವ ಸೆಕ್ಷನ್ನಿನ ಕೆಳಗೂ ಅಪರಾಧವಲ್ಲ. ಆದರೂ ಅವನನ್ನು ತೆಗೆಯಲೇಬೇಕು. ಕಚೇರಿಯ ಹುಡುಗನೊಬ್ಬ ಬಚ್ಚಿಟ್ಟ ಒಂದಿಷ್ಟು ಗಾಂಜಾವನ್ನು ಮುಚ್ಚಿಹಾಕಲು ಅಧ್ಯಕ್ಷನು ನೆರವಾದರೆ? ಅದು ಅಪರಾಧ, ಆದರೆ ಅದಕ್ಕಾಗಿ ರಾಷ್ಟ್ರದ ಆಯ್ಕೆಯನ್ನು ಅಳಿಸಿಹಾಕುವುದು ಹುಚ್ಚುತನ. ಈ ಎರಡು ಉದಾಹರಣೆಗಳು, ಕ್ರಿಮಿನಲ್ ಅಪರಾಧ ಬೇರೆ, ಮಹಾಭಿಯೋಗಕ್ಕೆ ತಕ್ಕ ಅಪರಾಧ ಬೇರೆ ಎಂಬುದನ್ನು ನೂರು ಅಡಿಟಿಪ್ಪಣಿಗಳಿಗಿಂತ ಚೆನ್ನಾಗಿ ತಿಳಿಸುತ್ತವೆ.

ಬೋಮನ್ 2019ರಲ್ಲಿ ಇದೇ ವಿಷಯಕ್ಕೆ ಬಂದರು. ಅವರ ದೊಡ್ಡ ಗ್ರಂಥ 1376ರ ಇಂಗ್ಲಿಷ್ ಪಾರ್ಲಿಮೆಂಟಿನಿಂದ ಹೊರಟು ಟ್ರಂಪರ ಕಾಲಕ್ಕೆ ಬಂದು ನಿಲ್ಲುತ್ತದೆ. ಮಹಾಭಿಯೋಗವು ಕಳ್ಳರನ್ನು ಹಿಡಿಯುವ ಸಾಧನವಲ್ಲ, ನಿರಂಕುಶತೆಯಿಂದ ರಾಜ್ಯಾಂಗವನ್ನು ಕಾಯುವ ಆಯುಧ ಎಂಬುದು ಅವರ ತೀರ್ಮಾನ. ಇಂಗ್ಲೆಂಡಿನ ಚರಿತ್ರೆಯ ಭಾಗ ಅಮೋಘವಾಗಿದೆ. ಆದರೆ ಕೋಷ್ಟಕವೊಂದು ಕುಸಿದದ್ದನ್ನು ಕಣ್ಣಾರೆ ಕಂಡು ಬರೆದ ಈ ಲೇಖಕರು ಇಲ್ಲಿ ಪೂರ್ವನಿದರ್ಶನಗಳನ್ನು ಒಂದರ ಮೇಲೊಂದು ಪೇರಿಸುವಾಗ, ಇನ್ನೊಂದು ಕೋಷ್ಟಕ ಎದ್ದೀತೇನೋ ಎನಿಸುತ್ತದೆ. ಅಲ್ಲದೆ ಗ್ರಂಥದ ಕೊನೆಯ ಭಾಗ ಒಬ್ಬನೇ ವ್ಯಕ್ತಿಗೆ ಅಂಟಿಕೊಂಡಿದೆ. ಬ್ಲ್ಯಾಕ್ ಅವರ ಕೈಪಿಡಿಯಲ್ಲಾದರೋ ನಿಕ್ಸನ್ನರ ನೆರಳಿದ್ದರೂ ಹೆಸರಿನ ಹಂಗಿಲ್ಲದೆ ವಾದ ನಿಲ್ಲುತ್ತದೆ.

ಎರಡು ವಿಷಯಗಳೂ ಒಂದಾಗುವ ಪ್ರಕರಣವೊಂದು ಇತ್ತೀಚಿನ ಚರಿತ್ರೆಯಲ್ಲಿಯೇ ಇದೆ. ಇಲ್ಲಿಯೂ ಹೆಸರು ಹೇಸ್ಟಿಂಗ್ಸ್! ಫ್ಲಾರಿಡಾದ ಮೊದಲ ಕರಿಯ ಫೆಡರಲ್ ಜಡ್ಜಿ ಆಲ್ಸೀ ಹೇಸ್ಟಿಂಗ್ಸ್ ಮೇಲೆ, ಅಪರಾಧಿಗಳಿಬ್ಬರ ಶಿಕ್ಷೆ ಇಳಿಸಲು 150,000 ಡಾಲರ್ ಲಂಚಕ್ಕೆ ಸಂಚು ಮಾಡಿದರೆಂಬ ಆರೋಪ ಬಂತು. 1983ರಲ್ಲಿ ಜ್ಯೂರಿ ಅವರನ್ನು ಬಿಡುಗಡೆ ಮಾಡಿತು. 1988ರಲ್ಲಿ ಪ್ರತಿನಿಧಿ ಸಭೆ 413ಕ್ಕೆ 3 ಮತಗಳಿಂದ ಮಹಾಭಿಯೋಗ ಹೂಡಿತು. 1989ರಲ್ಲಿ ಸೆನೆಟ್ ಅವರನ್ನು ಪದವಿಯಿಂದ ತೆಗೆಯಿತು. ಆದರೆ ಮುಂದಕ್ಕೆ ಅನರ್ಹರೆಂದು ಸಾರಲಿಲ್ಲ. 1992ರಲ್ಲಿ ಅವರು ಅದೇ ಪ್ರತಿನಿಧಿ ಸಭೆಗೆ ಚುನಾಯಿತರಾಗಿ 2021ರಲ್ಲಿ ಸಾಯುವವರೆಗೂ ಅಲ್ಲಿದ್ದರು; ಟ್ರಂಪರ ಮೇಲಿನ ಆರೋಪಕ್ಕೆ ಮತವನ್ನೂ ಕೊಟ್ಟರು. ಇದನ್ನು ಕೆಲವರು ವ್ಯವಸ್ಥೆಯ ಅಪಹಾಸ್ಯವೆನ್ನುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಸೆನೆಟ್ ತಪ್ಪಿದ್ದರೆ, ತಪ್ಪನ್ನು ತಿದ್ದಲು ಮತದಾರರಿಗೆ ಅವಕಾಶ ಉಳಿದಿತ್ತು. ಮೆಕ್ಲೆಸ್ಕಿಯ ವಿಷಯದಲ್ಲಿ ಯಾರಿಗೂ ಏನೂ ಉಳಿಯಲಿಲ್ಲ. ಬ್ಲ್ಯಾಕ್ ಅವರ ಎರಡು ಮಾತುಗಳು ಇಲ್ಲಿ ಕೂಡಿಕೊಳ್ಳುತ್ತವೆ. ಕಳೆದುಕೊಳ್ಳುವುದು ಕುರ್ಚಿಯಾದರೆ ಮನುಷ್ಯನ ವಿವೇಚನೆಯ ಮಸುಕನ್ನು ಸಹಿಸಬಹುದು, ಪ್ರಾಣವಾದರೆ ಸಹಿಸಲಾಗದು.

ನಡೆದದ್ದು ಮಾತ್ರ ಹಿಂದುಮುಂದಾಗಿ. ಕುರ್ಚಿಗೆ ಭದ್ರವಾದ ಕಾವಲು ಸಿಕ್ಕಿತು. ಸೆನೆಟ್ ಈವರೆಗೆ ತೆಗೆದದ್ದು ಎಂಟು ಮಂದಿಯನ್ನು, ಎಂಟು ಮಂದಿಯೂ ಜಡ್ಜಿಗಳು. ಅಧ್ಯಕ್ಷರಲ್ಲಿ ಆಂಡ್ರೂ ಜಾನ್ಸನ್ 1868ರಲ್ಲಿ ಒಂದೇ ಮತದಿಂದ ಉಳಿದರು. ಕ್ಲಿಂಟನ್ 1999ರಲ್ಲಿ ಸುಲಭವಾಗಿ ಪಾರಾದರು. ಟ್ರಂಪ್ 2020ರಲ್ಲಿ ಒಮ್ಮೆ, 2021ರಲ್ಲಿ ಇನ್ನೊಮ್ಮೆ. ಎರಡನೆಯ ಸಲ 57 ಮಂದಿ ತಪ್ಪಿತಸ್ಥರೆಂದರು, 43 ಮಂದಿ ಇಲ್ಲವೆಂದರು, ಬೇಕಿದ್ದದ್ದು 67. ಆ 43ರಲ್ಲಿ ಹಲವರು, ಅಧಿಕಾರ ಬಿಟ್ಟವರನ್ನು ವಿಚಾರಿಸುವ ಹಕ್ಕೇ ಸೆನೆಟ್ಟಿಗಿಲ್ಲ ಎಂದು ಕಾರಣ ಕೊಟ್ಟರು. 1876ರಲ್ಲಿ ರಾಜೀನಾಮೆ ಕೊಟ್ಟಿದ್ದ ಯುದ್ಧಮಂತ್ರಿ ಬೆಲ್ಕ್‌ನ್ಯಾಪ್‌ನನ್ನು ಇದೇ ಸೆನೆಟ್ ವಿಚಾರಿಸಿತ್ತು.

ಫ್ರಾಂಕೆಲ್ ಎತ್ತಿದ ದೂರುಗಳಲ್ಲಿ ಮುಖ್ಯವಾದದ್ದು, ಜಡ್ಜಿಯು ಕಾರಣ ಹೇಳದೆ ವರ್ಷಗಳನ್ನು ಎಣಿಸಿ ಕೊಡುತ್ತಾನೆ ಎಂಬುದು. ಆ ದೂರಿಗೆ 1984ರ ಕಾನೂನು ಉತ್ತರ ಕೊಟ್ಟಿತು. ಶಿಕ್ಷೆಯ ಕಾರಣವನ್ನು ಜಡ್ಜಿ ತೆರೆದ ಕೋರ್ಟಿನಲ್ಲಿ ಹೇಳಬೇಕು. ಕೋಷ್ಟಕ ಸಡಿಲವಾದ ಮೇಲೂ ಈ ನಿಯಮ ಉಳಿದಿದೆ. ಮಹಾಭಿಯೋಗದಲ್ಲಿ ಸೆನೆಟರನು ಹೆಸರು ಕರೆದಾಗ ಎದ್ದುನಿಂತು ತಪ್ಪಿತಸ್ಥ ಅಥವಾ ಅಲ್ಲ ಎಂದರೆ ಮುಗಿಯಿತು. ಕಾರಣ ಕೊಡುವುದು ಅವನ ಇಚ್ಛೆ. ಜಾನ್ಸನ್ನರ ವಿಚಾರಣೆಯಲ್ಲಿ ಹಲವು ಸೆನೆಟರುಗಳು ತಮ್ಮ ಅಭಿಪ್ರಾಯಗಳನ್ನು ವಿವರವಾಗಿ ಬರೆದು ದಾಖಲೆಗೆ ಸೇರಿಸಿದ್ದರು. ಅವು ಅಚ್ಚಾಗಿವೆ, ಇಂದಿಗೂ ಓದಲು ಸಿಗುತ್ತವೆ. ಬೋಮನ್ನರ ಗ್ರಂಥದಲ್ಲಿ ಆ ಬರಹಗಳಿಗೆ ಇನ್ನಷ್ಟು ಪುಟಗಳು ಸಿಗಬೇಕಾಗಿತ್ತು.